ಟವೆಲಿನ ಕೆಳಗಿನ ಮಾತು

ಏಪ್ರಿಲ್ 6, 2005

ಇವತ್ತು ಪಂಚಾಯ್ತಿ ಅಧ್ಯಕ್ಷನಾದೆ. ಅವಿರೋಧ. ಎದುರು ನಿಲ್ಲಬೇಕೆಂದಿದ್ದ ಇಬ್ಬರನ್ನೂ ಹೋದ ವಾರ ಬೇರೆ ಬೇರೆ ದಿನ ಮನೆಗೆ ಕರೆಸಿ ಚಹಾ ಕುಡಿಸಿದ್ದೆ. ಏನು ಮಾತಾಯಿತು ಎಂದು ಇಲ್ಲಿ ಬರೆಯುವ ಜರೂರಿಲ್ಲ. ವ್ಯಾಪಾರದ ಮಾತು ಇಬ್ಬರ ನಡುವೆ ಹುಟ್ಟಿ ಇಬ್ಬರ ನಡುವೆಯೇ ಉಳಿಯಬೇಕು. ನನ್ನ ದಿನಚರಿಗೂ ಅದು ತಿಳಿಯಬೇಕಾಗಿಲ್ಲ.

ಹಾವೇರಿಯಿಂದ ಪಕ್ಷದ ಹಿರಿಯರು ಬಂದಿದ್ದರು. ಹಾರ ಹಾಕಿ ಮೈಕ್ ಹಿಡಿದು, "ದನದ ಸಂತಿಯೊಳಗ ದಲಾಲಿ ಮಾಡಿಕೋತ ಬಂದ ಅಂದಾನೆಪ್ಪ ಇವತ್ತ ರಾಣೆಬೆನ್ನೂರಾಗ ಟ್ರ್ಯಾಕ್ಟರ್ ಶೋರೂಮಿನ ಮಾಲಕ. ಅಂಗಡಿ ನಡಸಾಕ ಬರೋ ಮನಷ್ಯಾಗ ಊರು ನಡಸೋದು ಏನ್ ದೊಡ್ಡದ್ರಿ?" ಎಂದರು. ಜನ ಚಪ್ಪಾಳೆ ಹೊಡೆದರು. ನನಗೂ ಮಾತು ಖರೇ ಅನ್ನಿಸಿತು. ಎತ್ತಿನ ಕಾಲ ಮುಗಿದು ಟ್ರ್ಯಾಕ್ಟರಿನ ಕಾಲ ಬರುತ್ತದೆ ಎಂದು ಇಡೀ ಸಂತೆಯಲ್ಲಿ ಮೊದಲು ತಿಳಿದವನು ನಾನು. ಅಷ್ಟು ತಿಳಿದವನಿಗೆ ನಮ್ಮೂರ ಗಟಾರು ಎಲ್ಲಿ ಕಟ್ಟಿಕೊಂಡಿದೆ ಎಂದು ತಿಳಿಯಲಾರದೇ?

ಹೊರಡುವಾಗ ಹಿರಿಯರು ಕಾರಿನ ಗಾಜು ಇಳಿಸಿ, "ಮುಂದ ವಿಧಾನಸಭಾ ಟಿಕೆಟಿನ ಮಾತು ಬರ್ತೈತಿ. ಊರಾಗ ಗದ್ದಲ ಇಲ್ಲದಂಗ ನಡಸಿ ತೋರಸ್ರಿ, ಸಾಕು" ಎಂದರು.

ಮನೆಯಲ್ಲಿ ಶಾರದವ್ವ ಆರತಿ ಎತ್ತಿದಳು. ಮೂವತ್ತು ವರ್ಷ ಸಂಸಾರ ಮಾಡಿದವಳು ಒಂದಿಷ್ಟು ಹೆಮ್ಮೆಪಡುತ್ತಾಳೆಂದುಕೊಂಡೆ. "ಅಧ್ಯಕ್ಷರ, ಚಪ್ಪಲಿ ಹೊರಗ ಬಿಟ್ಟು ಬರ್ರಿ, ಈಗಷ್ಟ ಸಾರಿಸೇನಿ" ಎಂದಳು.

ಏಪ್ರಿಲ್ 14

ಗುರುವಾರ. ಹಾವೇರಿ ಸಂತೆಗೆ ಹೋಗಿದ್ದೆ. ಈಗ ದನದ ವ್ಯಾಪಾರ ಮಾಡುವ ಗರಜಿಲ್ಲ, ಆದರೂ ಗುರುವಾರ ಬೆಳಗಾದರೆ ಕಾಲು ನಿಲ್ಲುವುದಿಲ್ಲ. ನನ್ನ ಹಳೆಯ ಪಾಲುದಾರ ಬುಡನಸಾಬ ಬೇವಿನ ಗಿಡದ ಕೆಳಗೆ ಒಂದು ಜೋಡಿ ಮುಗಿಸುತ್ತಿದ್ದ. ಕೊಳ್ಳುವವನ ಕೈ, ಇವನ ಕೈ, ಎರಡರ ಮೇಲೂ ಟವೆಲ್. ಒಳಗೆ ಬೆರಳು ಹಿಡಿದು ದರ ಕೇಳುವುದು, ಬೆರಳು ಮಡಚಿ ಇಳಿಸುವುದು, ಒಪ್ಪಿಗೆಯಾದರೆ ಕೈ ಒತ್ತುವುದು. ಸುತ್ತ ನೂರು ಜನ ನಿಂತಿದ್ದರೂ ಯಾರಿಗೂ ಏನೂ ತಿಳಿಯುವುದಿಲ್ಲ. ಹಾಗಾಗಿ ಜಗಳವೂ ಇಲ್ಲ. ನಾನು ಕಲಿತ ಸಾಲೆ ಇದೊಂದೇ.

"ಊರನ್ನೂ ಹಿಂಗ ನಡಸಾವ ನಾನು" ಎಂದೆ.

ಬುಡನಸಾಬ ನಕ್ಕ. "ಇಲ್ಲೇ ಯಾರೂ ಎತ್ತನ್ನ ಕೇಳೂದಿಲ್ಲೋ ಮಾರಾಯಾ. ಊರಾಗ ಎತ್ತಿಗೂ ಬಾಯಿ ಇರ್ತೈತಿ."

ವಯಸ್ಸಾಯಿತು ಅವನಿಗೆ. ಏನೇನೋ ಮಾತಾಡುತ್ತಾನೆ.

ಮೇ 20

ಮೊದಲ ಸಭೆ. ಶಿವನೇ! ನನ್ನನ್ನೂ ಸೇರಿ ಹನ್ನೊಂದು ಜನ ಮೆಂಬರುಗಳು, ಹನ್ನೊಂದು ಬಾಯಿ, ಎಲ್ಲವೂ ಒಟ್ಟಿಗೆ. ನಲ್ಲಿಯ ಮಾತು ಎತ್ತಿದರೆ ಒಬ್ಬ ತನ್ನ ಸೋದರಮಾವನ ಹಿತ್ತಲದ ಕಥೆ ಹೇಳುತ್ತಾನೆ. ಗುಡದಪ್ಪ ಎಂಬ ಹಳೆಯ ಮೆಂಬರು, ಈಗ ಉಪಾಧ್ಯಕ್ಷ, ಬೀಡಿ ಸೇದಲು ಹೊರಗೆ ಹೋಗಿ, ಬಂದು, ಮುಗಿದ ವಿಷಯವನ್ನು ಮತ್ತೆ ಎತ್ತುತ್ತಾನೆ. ಬಾಗಿಲ ಹತ್ತಿರದ ಕುರ್ಚಿಯಲ್ಲಿ ಕೂತ ಕೇರಿಯ ಮೆಂಬರು, ಮೀಸಲು ಸೀಟಿನ ಹೆಣ್ಣುಮಗಳು, ಪ್ರತಿಯೊಂದಕ್ಕೂ "ಎಲ್ಲಾರಿಗೂ ಕೇಳೂವಂಗ ಓದ್ರಿ" ಎಂದು ಕಾರ್ಯದರ್ಶಿಯನ್ನು ಹಿಡಿದು ನಿಲ್ಲಿಸುತ್ತಾಳೆ. ಮಧ್ಯಾಹ್ನವೆಲ್ಲ ಹೋಯಿತು, ಒಂದೂ ವಿಷಯ ಮುಗಿಯಲಿಲ್ಲ. ಇಂಥ ಅಂಗಡಿ ಎರಡು ದಿನದಲ್ಲಿ ಬಾಗಿಲು ಹಾಕುತ್ತದೆ.

ಇನ್ನು ಮುಂದೆ ಸಭೆಗೆ ಮೊದಲೇ ಒಬ್ಬೊಬ್ಬರನ್ನಾಗಿ ಕರೆದು ಮಾತಾಡುತ್ತೇನೆ. ಸಭೆಯಲ್ಲಿ ಸಹಿ ಮಾತ್ರ.

ಜುಲೈ 2

ಸಭೆ ಚಹಾ ಆರುವುದರೊಳಗೆ ಮುಗಿಯಿತು. ನಲ್ಲಿ, ಗಟಾರು, ಸಾಲೆಯ ಹೆಂಚು, ಎಲ್ಲವೂ ಪಾಸು. ಯಾರಿಗೆ ಏನು ಬೇಕಿತ್ತೋ ಅವರವರಿಗೆ ಮುಟ್ಟಿದೆ, ಒಬ್ಬನಿಗೆ ಸಿಕ್ಕಿದ್ದು ಇನ್ನೊಬ್ಬನಿಗೆ ಗೊತ್ತಿಲ್ಲ. ಹಿರಿಯರು ಹಾವೇರಿಯಿಂದ ಫೋನು ಮಾಡಿದ್ದರು. "ನಿಮ್ಮೂರಿಂದ ಒಂದೂ ತಕರಾರು ಇಲ್ಲಲ್ರಿ!" ಎಂದು ಖುಷಿಪಟ್ಟರು.

ಶಾರದವ್ವನಿಗೆ ಹೇಳಿದೆ. "ತಕರಾರು ಇಲ್ಲೋ, ಇದ್ದದ್ದು ನಿಮಗ ಕೇಳಸವಲ್ದೋ?" ಎಂದು ರೊಟ್ಟಿ ತಟ್ಟುತ್ತಲೇ ಇದ್ದಳು. ಈ ಹೆಂಗಸಿಗೆ ಒಳ್ಳೆಯದನ್ನು ಒಳ್ಳೆಯದು ಅನ್ನುವುದೇ ಗೊತ್ತಿಲ್ಲ.

ಆಗಸ್ಟ್ 9

ಮಳೆ ನಿಂತಿದೆ. ಹಳ್ಳ ಬಂದು ದಂಡೆಯನ್ನು ಉದ್ದಕ್ಕೂ ಕಿತ್ತುಕೊಂಡು ಹೋಗಿದೆ. ದಂಡೆಯ ಮೇಲೆ ಕೇರಿಯವರ ಸುಡುಗಾಡಿನ ದಾರಿ ಇತ್ತು, ಈಗ ಅಲ್ಲಿ ನೀರು. ಉಳಿದದ್ದು ಸೋಮಣ್ಣನ ಹೊಲದೊಳಗಿನ ಹಳೆಯ ಬಂಡಿದಾರಿ ಒಂದೇ. ಸೋಮಣ್ಣ ಅಂದರೆ ಅಕ್ಕಿ ಗಿರಣಿಯವನು, ಪಂಚಾಯ್ತಿಯಲ್ಲಿ ನನ್ನ ಬಲಗೈ. ಹೊಲಕ್ಕೆ ಹೋದ ವರ್ಷವೇ ತಂತಿ ಬೇಲಿ ಹಾಕಿ ಗೇಟು ಕೂಡಿಸಿದ್ದಾನೆ.

ಸಭೆಯಲ್ಲಿ ಕೇರಿಯ ಮೆಂಬರು ಮೈಲವ್ವ ಎದ್ದು ನಿಂತಳು. ಕೈಯಲ್ಲಿ ಅರ್ಜಿ, ಕೇರಿಯವರೆಲ್ಲರ ಸಹಿ, ಹೆಬ್ಬೆಟ್ಟು. "ಜೀವ ಇದ್ದಾಗ ಹೆಂಗೋ ಸುತ್ತಾಡಿ ಹೋಗ್ತೇವ್ರಿ. ಸತ್ತವರನ್ನ ಯಾ ದಾರೀಲೆ ಒಯ್ಯೂಣು? ಇಲ್ಲೇ, ಎಲ್ಲಾರ ಮುಂದ, ಠರಾವು ಆಗ್ಲಿ" ಎಂದಳು. ಸೋಮಣ್ಣನ ಮುಖ ಕೆಂಪಾಯಿತು. ನಾನು ತಕ್ಷಣ, "ನಾಳೆ ಮನೀಗೆ ಬಾರವ್ವಾ, ಮಾತಾಡೂಣು" ಎಂದು ಮುಂದಿನ ವಿಷಯಕ್ಕೆ ಹೋದೆ. ಸಂತೆಯ ನಡುವೆ ದರ ಕೂಗುವ ಹುಚ್ಚರನ್ನು ಹೀಗೇ ದಾರಿಗೆ ತರಬೇಕು.

ಆಗಸ್ಟ್ 12

ಮುಗಿಸಿದೆ. ಸೋಮಣ್ಣನನ್ನು ರಾಣೆಬೆನ್ನೂರಿನ ಶೋರೂಮಿಗೆ ಕರೆಸಿ, ಹಿಂದಿನ ಕೋಣೆಯಲ್ಲಿ ಹಳೆಯ ಪದ್ಧತಿಯಂತೆ ಟವೆಲ್ ಹಾಕಿಯೇ ಕೈ ಹಿಡಿದೆ. ಅವನಿಗೂ ನಗು, ನನಗೂ ನಗು. ಕೇರಿಯಲ್ಲಿ ಸಾವಾದರೆ ಗೇಟು ತೆಗೆಯುತ್ತಾನೆ. ಅದಕ್ಕೆ ಪ್ರತಿಯಾಗಿ ಅವನಿಗೆ ಬೇಕಾದದ್ದೊಂದು ಆಗುತ್ತದೆ. ಕೈ ಒತ್ತಿದ.

ಸಂಜೆ ಮೈಲವ್ವ ಬಂದಳು. ಕಟ್ಟೆಯ ಮೇಲೆ ಕೂಡಲಿಲ್ಲ, ನಿಂತೇ ಇದ್ದಳು. "ದಾರಿ ಆಗೇತಿ. ಅರ್ಜಿ ಹಿಂದ ತಗೋ. ಊರಾಗ ಗುಲ್ಲು ಮಾಡಬ್ಯಾಡ" ಎಂದೆ.

"ದಾರಿ ಆಗೇತಿ ಅಂದ್ರ ಎಲ್ಲಿ ಆಗೇತ್ರಿ? ಯಾರ ಮುಂದ?"

"ನನ್ನ ಮುಂದ. ನನ್ನ ಮಾತು ಸಾಲೂದಿಲ್ಲೇನು?"

"ಸಾಲತೈತ್ರಿ. ಸಂತಿಯೊಳಗ ನಿಮ್ಮ ಮಾತು ತಪ್ಪಿದ್ದಿಲ್ಲ ಅಂತ ನಮ್ಮ ಮಾವನೂ ಅಂತಿದ್ದ" ಎಂದು ಅರ್ಜಿಯನ್ನು ಮಡಚಿ ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಇದೇ ಕೆಲಸವನ್ನು ಕಚೇರಿಯವರು ಮಾಡಿದ್ದರೆ ಹತ್ತು ವರ್ಷ ಹಿಡಿಯುತ್ತಿತ್ತು.

ಅಕ್ಟೋಬರ್ 3

ಹಿರಿಯರು ಶೋರೂಮಿಗೇ ಬಂದು ಟ್ರ್ಯಾಕ್ಟರ್ ಮೇಲೆ ಕೂತು ಫೋಟೋ ತೆಗೆಸಿಕೊಂಡರು. ಟಿಕೆಟಿನ ಯಾದಿಯಲ್ಲಿ ನನ್ನ ಹೆಸರು ಇದೆಯಂತೆ. ಬ್ಯಾಡಗಿಯ ಮೆಣಸಿನಕಾಯಿ ದಲಾಲರು ಸಹ ನನ್ನ ಪರ ಮಾತಾಡಿದ್ದಾರೆ. "ವ್ಯಾಪಾರಸ್ಥಾಗ ವ್ಯಾಪಾರಸ್ಥನ ಬೆಲಿ ಗೊತ್ತು" ಎಂದರು ಹಿರಿಯರು.

ನವೆಂಬರ್ 21

ತೊಂದರೆಯಾಯಿತು. ಕೆರೆಯ ಮೀನಿನ ಹರಾಜನ್ನು ಡಂಗುರ ಹೊಡೆಸಿ ಬಹಿರಂಗವಾಗಿಯೇ ಮಾಡಬೇಕೆಂದು ಮೇಲಿನಿಂದ ಆದೇಶ. ಕಾರ್ಯದರ್ಶಿ ಹೊಸಬ, ಹೆದರುಪುಕ್ಕಲ, ಹಾಗೇ ಮಾಡಿದ. ಗುತ್ತಲದ ಕಡೆಯ ಯಾರೋ ಬಂದು ಹೆಚ್ಚಿನ ದರ ಕೂಗಿ ಹಿಡಿದುಕೊಂಡು ಹೋದರು.

ಬರೆದೇಬಿಡುತ್ತೇನೆ. ಆ ಮೀನು ಸೋಮಣ್ಣನ ಮೈದುನನಿಗೆ ಆಗಬೇಕಿತ್ತು. ಗೇಟಿನ ಬದಲಿಗೆ ನಾನು ಒಪ್ಪಿಕೊಂಡದ್ದು ಅದು. ಸೋಮಣ್ಣ ಸಭೆ ಮುಗಿದ ಮೇಲೆ ಚಹಾ ಕುಡಿಯದೆ ಎದ್ದು ಹೋದ. ಬೇರೆ ಏನಾದರೂ ಕೊಟ್ಟು ಸರಿಪಡಿಸಿದರಾಯಿತು.

ಡಿಸೆಂಬರ್ 17

ಶೋರೂಮಿನಲ್ಲಿದ್ದೆ. ಗುಡದಪ್ಪನ ಫೋನು ಬಂತು. ಮೈಲವ್ವನ ಗಂಡ ಮೈಲಾರೆಪ್ಪ ಬೆಳಗ್ಗೆ ಎದೆನೋವೆಂದು ಕೂತವನು ಏಳಲಿಲ್ಲವಂತೆ. "ಹೆಣದ ಸಿದಿಗಿ ಸೋಮಣ್ಣನ ಗೇಟಿಗೆ ನಿಂತೈತಿ. ಕೀಲಿ ಹಾಕ್ಯಾನ. ಲಗೂನ ಬಾ" ಎಂದ.

ಹೋಗುವಷ್ಟರಲ್ಲಿ ಮಧ್ಯಾಹ್ನ. ಸಿದಿಗೆಯನ್ನು ಗೇಟಿನ ಮುಂದೆ ಬಿಸಿಲಲ್ಲೇ ಇಳಿಸಿದ್ದರು. ಹಲಗೆಯವರು ಬಾರಿಸುವುದನ್ನು ನಿಲ್ಲಿಸಿದ್ದರು. ಹೆಂಗಸರ ಅಳುವೂ ನಿಂತಿತ್ತು. ಯಾರೋ ಒಬ್ಬರು ಹೆಣದ ಮುಖಕ್ಕೆ ಕೊಡೆ ಹಿಡಿದಿದ್ದರು. ಊರ ಜನ ದೂರದಲ್ಲಿ ಗುಂಪಾಗಿ ನಿಂತಿದ್ದರು. ನನ್ನನ್ನು ಕಂಡು ಎಲ್ಲರೂ ದಾರಿ ಬಿಟ್ಟರು, ಈಗ ಎಲ್ಲ ಸರಿಹೋಗುತ್ತದೆ ಎಂಬಂತೆ.

ಮೈಲವ್ವ ಎದ್ದು ಬಂದಳು. "ಅಧ್ಯಕ್ಷರ, ದಾರಿ ಆಗೇತಿ ಅಂದಿದ್ರಿ."

"ತಡಿಯವ್ವಾ, ಮಾತಾಡತೇನಿ."

"ಮತ್ತೇನ್ ಮಾತಾಡ್ತೀರಿ? ಸೋಮಣ್ಣಾರು ಮಾತು ಕೊಟ್ಟಾರಲ್ಲ, ಅದನ್ನ ಇಲ್ಲೇ ಎಲ್ಲಾರ ಮುಂದ ಹೇಳ್ರಿ. ಅವರು ಇಲ್ಲ ಅಂತಾರೇನ ನೋಡೇ ಬಿಡೂಣು."

ಹೇಳಲಾಗಲಿಲ್ಲ. ಮಾತು ಕೊಟ್ಟಿದ್ದಾನೆ ಎಂದರೆ, ಯಾವುದರ ಬದಲಿಗೆ ಎಂದು ಅವನು ಹೇಳುತ್ತಾನೆ. ಆಮೇಲೆ ಮೀನು, ಮೈದುನ, ನಾನು ಎಲ್ಲ ಬೀದಿಗೆ. ಸುಮ್ಮನೆ ಅವಳನ್ನು ದಾಟಿ ಹೋದೆ. ಅವಳ ಗಂಡ ಅಲ್ಲಿ ಬಿದ್ದಿದ್ದ, ನಾನು ದಾಟಿ ಹೋದೆ.

ಸೋಮಣ್ಣ ಬೇಲಿಯ ಒಳಗೆ ಪಂಪಿನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ತಂತಿಯ ಈಚೆಯಿಂದ ನಾನು ತಗ್ಗಿದ ದನಿಯಲ್ಲಿ ಕರೆದೆ. ಎದ್ದು ಬಂದು, "ವ್ಯಾಪಾರ ಮುರದೈತೋ ಅಂದಾನೆಪ್ಪಾ. ನಿನ್ನ ದನ ನಿನ್ನ ಮನೀಗೆ, ನನ್ನ ದನ ನನ್ನ ಮನೀಗೆ" ಎಂದ.

ಸಂತೆಯ ನ್ಯಾಯದಲ್ಲಿ ಅವನ ತಪ್ಪು ಒಂದೂ ಇಲ್ಲ. ಒಪ್ಪಿದ್ದು ಮುಟ್ಟದಿದ್ದರೆ ನಾನೂ ಹಗ್ಗ ಹಿಡಿದುಕೊಂಡು ವಾಪಸು ಬರುತ್ತಿದ್ದೆ. ಮುರಿದ ವ್ಯಾಪಾರಕ್ಕೆ ಸಾಕ್ಷಿಯೂ ಇಲ್ಲ, ನಾನೇ ಇಲ್ಲದಂತೆ ನೋಡಿಕೊಂಡಿದ್ದೆ. ನನಗೆ ತಿಳಿದ ದಾರಿ ಒಂದೇ. ತಂತಿಯ ಮೇಲೆ ಟವೆಲ್ ಹಾಕಿ ಕೈ ಚಾಚಿದೆ. ಅವನೂ ಚಾಚಿದ. ನನ್ನ ಕಿವಿಯ ಹತ್ತಿರ ಬಾಗಿ ಹೇಳಿದ: "ಈ ಹೊಲದಾಗ ಊರ ದಾರಿ ಇಲ್ಲ ಅಂತ ಮುಂದಿನ ಸಭಾದಾಗ ಠರಾವು ಮಾಡ್ಕೊಡು. ಇವತ್ತೊಂದಿನ ಬಿಡತೇನಿ, ಧರ್ಮಕ್ಕ."

ಹಿಂದೆ ಸಿದಿಗೆ. ಬಿಸಿಲು. ಅಷ್ಟೂ ಜನ ಆ ಟವೆಲ್ಲನ್ನು ನೋಡುತ್ತಿದ್ದರು. ನಾನು ಕೈ ಒತ್ತಿದೆ.

ಗೇಟು ತೆರೆಯಿತು. ಹಲಗೆ ಮತ್ತೆ ಶುರುವಾಯಿತು. ಯಾರೋ, "ಅಂದಾನೆಪ್ಪ ಅಂದ್ರ ಅಂದಾನೆಪ್ಪನಪಾ, ಬಂದ ಮುಗಿಸಿದ ನೋಡು" ಅಂದದ್ದು ಕೇಳಿಸಿತು. ನಾನು ಒಳಗೆ ಹೋಗಲಿಲ್ಲ. ಮಣ್ಣು ಹಾಕಲು ಹೋಗಬೇಕಿತ್ತು, ಕಾಲು ಬರಲಿಲ್ಲ.

ಡಿಸೆಂಬರ್ 18

ಹಿರಿಯರ ಫೋನು. "ದೊಡ್ಡ ಗದ್ದಲ ಆಗೂದನ್ನ ತಪ್ಪಸಿದ್ರಂತ. ಪೊಲೀಸಿಲ್ಲ, ಪೇಪರಿಲ್ಲ! ಇಂಥವರು ಬೇಕ್ರಿ ನಮಗ. ನಿಮ್ಮ ಹೆಸರು ಬೆಂಗಳೂರಿಗೆ ಹೋತು ತಿಳೀರಿ."

ಊಟಕ್ಕೆ ಕೂತೆ. ಶಾರದವ್ವ ಬಡಿಸುತ್ತ ಕೇಳಿದಳು: "ಸೋಮಣ್ಣಗ ಏನ್ ಕೊಟ್ರಿ?" ಮೂವತ್ತು ವರ್ಷದಲ್ಲಿ ನನ್ನ ವ್ಯಾಪಾರದ ಬಗ್ಗೆ ಅವಳು ಒಂದು ಮಾತು ಕೇಳಿದವಳಲ್ಲ.

"ಅದು ವ್ಯಾಪಾರದ ಮಾತು."

"ಹೆಣ ಇಟ್ಕೊಂಡು ವ್ಯಾಪಾರ ಮಾಡ್ತಾರೇನ್ರಿ?"

ತಾಟು ಬಿಟ್ಟು ಎದ್ದೆ. ಸಿಟ್ಟು ಬಂತು ಎಂದು ಬರೆಯಬೇಕೆಂದು ಕೂತೆ. ಸಿಟ್ಟಲ್ಲ, ನಾಚಿಕೆ.

ಡಿಸೆಂಬರ್ 22

ಗುರುವಾರ. ಸಂತೆಗೆ ಹೋಗಲಿಲ್ಲ.

ಡಿಸೆಂಬರ್ 29

ಸಂತೆಗೆ ಹೋದೆ. ಕುಪ್ಪೇಲೂರಿನ ರೈತನೊಬ್ಬ ನನ್ನ ಗುರುತು ಹಿಡಿದು, ತನ್ನ ಜೋಡಿಗೆ ದರ ಕಟ್ಟಿಕೊಡಲು ಕೈ ಚಾಚಿದ. ನಾನು ಬಾಯಿಬಿಟ್ಟು ದರ ಹೇಳಿಬಿಟ್ಟೆ, ಜೋರಾಗಿ, ಎಲ್ಲರಿಗೂ ಕೇಳುವಂತೆ. ಸುತ್ತಲಿನವರು ತಿರುಗಿ ನೋಡಿದರು. ಬುಡನಸಾಬ ರಟ್ಟೆ ಹಿಡಿದು ಎಳೆದು, "ತಲಿ ಕೆಟ್ಟೈತೇನೋ?" ಎಂದು ಗದರಿದ. ಹೇಗಾಯಿತೋ ತಿಳಿಯದು. ಸರಿಯಾಗಿ ನಿದ್ದೆ ಇಲ್ಲ, ಅದಕ್ಕೇ ಇರಬೇಕು.

ಬರುವಾಗ ಬಸ್ಸಿನಲ್ಲಿ ಬಂದೆ. ಹಿಂದಿನ ಸೀಟಿನಲ್ಲಿ ಕೇರಿಯ ಇಬ್ಬರು ಹೆಂಗಸರು. ಹೆಸರು ಕೇಳಿದೆ. ನಮ್ಮೂರಿನವರೇ, ಇಷ್ಟು ವರ್ಷ ಕೇಳಿರಲಿಲ್ಲ. ಒಬ್ಬಳು ಅರುಣಾ, ಇನ್ನೊಬ್ಬಳು ಮೈಲಾರೆಪ್ಪನ ತಂಗಿ. "ಅಣ್ಣನ ಮುಖ ಬಿಸಿಲಿಗೆ ಕಪ್ಪಗಾಗಿತ್ರಿ" ಎಂದಳು. ಅಷ್ಟೇ ಮಾತು.

ಜನವರಿ 8, 2006

ನಾಳೆ ಸಭೆ. ಮೊದಲನೆಯ ವಿಷಯ ಸೋಮಣ್ಣನ ಠರಾವು. ಸಂಜೆ ಅವನು ಬಂದು ಕೂತು, ಯಾರ್‍ಯಾರು ಕೈ ಎತ್ತುತ್ತಾರೆ ಎಂದು ಹೇಳಿ ಹೋದ. ಮೈಲವ್ವ ಗಂಡನನ್ನು ಕಳೆದುಕೊಂಡ ಮನೆಯಲ್ಲಿದ್ದಾಳೆ, ಬರುವುದಿಲ್ಲ ಎಂದ. ಬಾರದಿದ್ದರೆ ಒಳ್ಳೆಯದು. ಕೊಟ್ಟ ಮಾತು ಉಳಿಸಿಕೊಳ್ಳಬೇಕು. ಮಾತು ತಪ್ಪಿದರೆ ನಾನು ಯಾವ ಬಾಯಿಯಿಂದ ಸಂತೆಯಲ್ಲಿ ನಿಲ್ಲಲಿ? ಉಳಿಸಿಕೊಂಡರೆ ಕೇರಿಯವರು ಮುಂದಿನ ಹೆಣವನ್ನು ಎಲ್ಲಿ ಇಳಿಸಬೇಕು? ಎರಡು ಕಡೆಗೂ ನಾನೇ ಮಾತು ಕೊಟ್ಟವನು.

ಆಕೆ ಬಾರದಿರಲಿ.

ಜನವರಿ 9

ಮೈಲವ್ವ ಬಂದರು.

ಬಿಳಿ ಸೀರೆಯಲ್ಲಲ್ಲ, ದಿನಾ ಉಡುವ ಹಸಿರು ಸೀರೆಯಲ್ಲೇ. ಅದೇ ಬಾಗಿಲ ಹತ್ತಿರದ ಕುರ್ಚಿ. ಕಾರ್ಯದರ್ಶಿ ಠರಾವು ಓದಿದ: ಸೋಮಣ್ಣನವರ ಹೊಲದಲ್ಲಿ ಸಾರ್ವಜನಿಕ ದಾರಿ ಇರುವುದಿಲ್ಲ. ಬೇಗ ಬೇಗ ಓದಿದ. ಮೈಲವ್ವ, "ಕೇಳೂವಂಗ ಓದ್ರಿ" ಎಂದರು. ಮತ್ತೆ ಓದಿದ. ಆಮೇಲೆ ಆಕೆ ಎದ್ದು ನಿಂತರು.

"ನಾನು ಅರ್ಜಿ ಹಿಂದ ತಗೊಂಡೆ. ನನ್ನ ಕೇರಿಯವರನ್ನ ಕೇಳದ ತಗೊಂಡೆ. ಅದು ನನ್ನ ತಪ್ಪು, ಎಲ್ಲಾರ ಮುಂದ ಹೇಳತೇನಿ. ದಾರಿ ಆಗೇತಿ ಅಂತ ಅಧ್ಯಕ್ಷರು ಹೇಳಿದ್ದಕ್ಕ ತಗೊಂಡೆ. ಅಧ್ಯಕ್ಷರ, ನೀವು ಹೇಳಿದ್ದು ಖರೇನೋ ಸುಳ್ಳೋ?"

ಸೋಮಣ್ಣ, "ಅದೆಲ್ಲಾ ಈಗ್ಯಾಕ? ಠರಾವಿಗೆ ಕೈ ಎತ್ರಿ" ಎಂದ. ಯಾರೂ ಎತ್ತಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಿದ್ದರು.

"ಖರೇ" ಎಂದೆ.

ಆ ಒಂದು ಮಾತಿಗೇ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ. ಗೇಟಿನ ಬದಲಿಗೆ ಮೀನು ಎಂದಿದ್ದು, ಮೀನು ತಪ್ಪಿದ್ದು, ಹೆಣದ ಮುಂದೆ ಈ ಠರಾವಿಗೆ ಕೈ ಒತ್ತಿದ್ದು, ಒಂದೊಂದಾಗಿ ಎಲ್ಲ ಹೇಳಿದೆ. ಸೋಮಣ್ಣ ಎದ್ದು, "ದಲಾಲ ಆದಾವ ಹಿಂಗ ಮಾಡಬಾರದೋ. ಥೂ" ಎಂದು ಹೊರಗೆ ಹೋದ. ಅವನ ಹಿಂದೆ ಮೂವರು. ಅವನು ಅಂದದ್ದರಲ್ಲಿ ಸುಳ್ಳಿಲ್ಲ.

ಆಮೇಲೆ ಗುಡದಪ್ಪ ಕಿವಿಯ ಮೇಲಿನ ಬೀಡಿಯನ್ನು ತೆಗೆದು ಕಿಸೆಗೆ ಹಾಕಿಕೊಂಡು, "ಆ ಬಂಡಿದಾರೀಲೆ ನಮ್ಮಪ್ಪ ಬಂಡಿ ಹೊಡದದ್ದು ನಾ ನೋಡೇನಿ. ತಹಶೀಲ್ದಾರರ ಕಡಿಂದ ಅಳತಿ ಮಾಡಸ್ರಿ, ದಾರಿ ಬಿಡಸ್ರಿ. ಹಂಗ ಠರಾವು ಬರೀರಿ" ಎಂದ. ಉಳಿದ ಏಳೂ ಜನ ಕೈ ಎತ್ತಿದೆವು. ಕಾರ್ಯದರ್ಶಿ ಬರೆದುಕೊಂಡ.

ನಾನು ಮೈಲವ್ವನವರ ಮುಖ ನೋಡಿದೆ. ಇಲ್ಲಿ ಸುಳ್ಳು ಬರೆಯಲಾರೆ, ನಾನು ಕಾಯುತ್ತಿದ್ದೆ. ಟಿಕೆಟ್ ಹೋಯಿತು, ಸೋಮಣ್ಣ ಹೋದ, ಸಂತೆಯಲ್ಲಿ ಮರ್ಯಾದೆ ಹೋಯಿತು. ಇಷ್ಟೆಲ್ಲ ಕೊಟ್ಟವನಿಗೆ ಒಂದು ಒಳ್ಳೆಯ ಮಾತಾದರೂ ಬರುತ್ತದೆ, ನಮ್ಮ ಅಧ್ಯಕ್ಷರು ಎನ್ನುತ್ತಾರೆ, ಕುರ್ಚಿಯಾದರೂ ಉಳಿಯುತ್ತದೆ ಎಂದುಕೊಂಡಿದ್ದೆ.

"ದಾರಿದು ಆತು" ಎಂದರು. "ಇನ್ನ ನೀವು ಕುರ್ಚಿ ಬಿಡ್ರಿ."

ಗುಡದಪ್ಪ, "ಏ ಮೈಲವ್ವಾ, ಅವ ಖರೇ ಹೇಳ್ಯಾನಲ್ಲವ್ವಾ" ಎಂದ.

"ಹೇಳ್ಯಾರ. ಅದಕ್ಕ ದಾರಿ ಆತು. ನನ್ನ ಗಂಡನ್ನ ಬಿಸಿಲಾಗ ಹಾಕಿ, ಅವನ ಮಗ್ಗಲದಾಗ ನಿಂತು ಅವನ ದಾರಿ ಮಾರ್‍ಯಾರ. ಇವರ ಕೈಯಾಗ ಇನ್ನ ಊರು ಕೊಡಾಕ ಬರೂದಿಲ್ಲ. ತಾವಾಗಿ ಇಳೀಲಿಲ್ಲ ಅಂದ್ರ ಅವಿಶ್ವಾಸಕ್ಕ ಮೊದಲನೇ ಸಹಿ ನಂದ."

"ನಾ ಎಲ್ಲಾ ಹೇಳಿದ್ನೆಲ್ಲವ್ವಾ" ಎಂದುಬಿಟ್ಟೆ. ಗಿರಾಕಿಯ ಮುಂದೆ ಗೋಗರೆದಂತಿತ್ತು ನನ್ನ ದನಿ.

"ಖರೇ ಹೇಳಿದ್ದಕ್ಕ ಬದಲಿ ಕುರ್ಚಿ ಅಲ್ಲರೀ" ಎಂದರು. ಸಿಟ್ಟಿನಿಂದ ಅಲ್ಲ. ಬಹಳ ದಣಿದಿದ್ದರು. "ಬದಲಿಗೆ ಬದಲಿ ಕೊಡಾಕ ಇದೇನು ಸಂತಿ ಅಲ್ಲ."

ಎಷ್ಟು ವರ್ಷ ವ್ಯಾಪಾರ ಮಾಡಿದೆ. ಎಷ್ಟು ಕೈ ಹಿಡಿದೆ. ಅಲ್ಲೇ ರಾಜೀನಾಮೆ ಬರೆದು ಕಾರ್ಯದರ್ಶಿಗೆ ಕೊಟ್ಟು ಎದ್ದೆ. ಅದು ಹೋಗಬೇಕಾದ ಕಡೆ ಹೋಗಿ ಪಾಸಾಗಬೇಕು ಎಂದು ಅವನು ತೊದಲಿದ. ಆದರೂ ಆ ಕುರ್ಚಿಯಲ್ಲಿ ಮತ್ತೆ ಕೂಡಲು ಮನಸ್ಸಾಗಲಿಲ್ಲ. ಉಪಾಧ್ಯಕ್ಷ ಎಂದು ಗುಡದಪ್ಪನನ್ನು ಕೂಡಿಸಿದರು.

ಹೊರಗೆ ಬಂದೆ, ಮನೆಗೆ ಹೋಗಲಾಗಲಿಲ್ಲ. ಪಡಸಾಲೆಯಲ್ಲಿ ಊರವರು ನಿಂತು ಕೇಳುತ್ತಿದ್ದರು, ನಾನೂ ಕಿಟಕಿಯ ಹತ್ತಿರ ನಿಂತೆ. ಒಳಗೆ ಮೈಲವ್ವನವರು, "ಮುಂದಿನ ವಿಷಯ ಓದ್ರಿ" ಎಂದರು. ಬೀದಿ ದೀಪ. ಯಾವ ಯಾವ ಕಂಬದಲ್ಲಿ ದೀಪ ಇಲ್ಲ ಎಂದು ಕಾರ್ಯದರ್ಶಿ ಓದುತ್ತ ಹೋದ. ಕೇರಿಯಿಂದ ಹಳ್ಳಕ್ಕೆ ಹೋಗುವ ತಿರುವಿನ ಕಂಬ ಅದರಲ್ಲಿ ಇರಲಿಲ್ಲ. ಈ ಹದಿನೈದು ದಿನ ನಿದ್ದೆ ಬಾರದೆ ಆ ಕಡೆ ಅಡ್ಡಾಡಿದ್ದೇನೆ, ಅಲ್ಲಿ ಕಾಲು ಎಲ್ಲಿಟ್ಟೆ ಎಂದು ಕಾಣುವುದಿಲ್ಲ.

"ಹಳ್ಳದ ತಿರುವಿನ ಕಂಬಕ್ಕೂ ದೀಪ ಇಲ್ರಿ" ಎಂದು ಕಿಟಕಿಯಿಂದಲೇ ಕೂಗಿದೆ. ಪಡಸಾಲೆಯವರೆಲ್ಲ ನನ್ನ ಕಡೆ ತಿರುಗಿದರು.

ಒಳಗೆ ಕಾರ್ಯದರ್ಶಿ ಪೆನ್ನು ಎತ್ತಿ ಮೈಲವ್ವನವರ ಕಡೆ ನೋಡಿದ.

"ಬರ್ಕೋರಿ" ಎಂದರು ಮೈಲವ್ವ.